ಗಡಿ ಒಂದು, ಕಾಯ್ದೆ ಎರಡು: ಪಾನನಿಷೇಧದ ಕಾಲ

ಗುಮಟಾಪುರ ಅಂದರೆ ಹೊರಗಿನವರಿಗೆ ಗೊರೆಹಬ್ಬ ನೆನಪಾಗುತ್ತದೆ. ನಮಗೆ ಇನ್ನೊಂದು ಗುರುತೂ ಉಂಟು: ಮಾತು ಕನ್ನಡ, ಸರ್ಕಾರ ತಮಿಳುನಾಡಿನದು. ಹೀಗೆ ಗಡಿಯಲ್ಲಿ ಕೂತ ಸೀಮೆಗೆ ಪಾನನಿಷೇಧ ಬಂದ ರೀತಿಯೇ ಬೇರೆ. ಅದನ್ನು ಇಸವಿ ಹಿಡಿದು ನೋಡೋಣ.

ಹೆಂಡದ ವಿರುದ್ಧದ ಹೋರಾಟ ಈರೋಡಿಗೆ ಹಳೆಯದು. 1921ರಲ್ಲಿ ಅಲ್ಲಿ ಇ.ವಿ. ರಾಮಸ್ವಾಮಿಯವರ ಜೊತೆ ಅವರ ಹೆಂಡತಿ ನಾಗಮ್ಮೈ, ಸೋದರಿ ಕಣ್ಣಮ್ಮಾಳ್ ಕೂಡ ಹೆಂಡದಂಗಡಿಗಳ ಮುಂದೆ ನಿಂತು ಚಳವಳಿ ಮಾಡಿದರು. 1937ರ ಅಕ್ಟೋಬರ್ 1ರಂದು ರಾಜಾಜಿಯವರ ಸರ್ಕಾರ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಶುರು ಮಾಡಿತು. ಅಬಕಾರಿ ಹಣ ಖೋತಾ ಆದದ್ದನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ಬಂತು. ಯುದ್ಧದ ಕಾಲದಲ್ಲಿ ನಿಂತುಹೋದ ಕಾಯ್ದೆ ಮತ್ತೆ ಎದ್ದು, 1948ರ ಅಕ್ಟೋಬರ್ 2ರ ಗಾಂಧಿ ಜಯಂತಿಗೆ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಹಬ್ಬಿತು.

ಆಗ ತಾಳವಾಡಿಯೂ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. ಕಾಯಿಸುವುದು, ಮಾರುವುದು, ಇಟ್ಟುಕೊಳ್ಳುವುದು, ಕುಡಿಯುವುದು, ನಾಲ್ಕೂ ಅಪರಾಧ. ಆದರೆ ಡಾಕ್ಟರ ಸರ್ಟಿಫಿಕೇಟು ತಂದವರಿಗೆ ಪರ್ಮಿಟ್ ಸಿಗುವ ದಾರಿ ಇತ್ತು. ಕಾಸಿದ್ದವನಿಗೆ ಪರ್ಮಿಟ್, ಕೂಲಿಯವನಿಗೆ ಲಾಕಪ್ಪು ಅನ್ನೋ ಹಾಗಾಯ್ತು.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ನೆಂಟರು ಆಚೆ, ನಾವು ಈಚೆ. 1967ರಲ್ಲಿ ಮೈಸೂರು ರಾಜ್ಯ ಪಾನನಿಷೇಧ ತೆಗೆಯಿತು. ತಮಿಳುನಾಡು ಅದನ್ನು ಸಡಿಲಿಸಿದ್ದು 1971ರಲ್ಲಿ. ನಡುವಿನ ನಾಲ್ಕು ವರ್ಷ ಆಚೆ ಅಂಗಡಿ ವ್ಯಾಪಾರವಾಗಿದ್ದದ್ದು ಈಚೆ ಜೈಲಿನ ಕೆಲಸ. 1974ರಲ್ಲಿ ಇಲ್ಲಿ ಮತ್ತೆ ಪೂರ್ತಿ ನಿಷೇಧ, 1981ರಲ್ಲಿ ಮತ್ತೆ ಸಡಿಲ. 1987ರಲ್ಲಿ ತಮಿಳುನಾಡು ಸಾರಾಯಿ ನಿಲ್ಲಿಸಿತು. ಕರ್ನಾಟಕ ನಿಲ್ಲಿಸಿದ್ದು 2007ರ ಜುಲೈ 1ರಂದು. ಅಂದರೆ ನಡುವಿನ ಬಹುಪಾಲು ಕಾಲ ಸಾರಾಯಿ ಒಂದು ಕಡೆ ಸರ್ಕಾರದ ಆದಾಯ, ಇನ್ನೊಂದು ಕಡೆ ಅಪರಾಧ. ನಮ್ಮ ತಾಲ್ಲೂಕಿನಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವು ದಾಟಬೇಕು. ಚಾಮರಾಜನಗರಕ್ಕೆ ಹಾಗಿಲ್ಲ, ದಾರಿ ಸಲೀಸು. ಕಾಯ್ದೆ ಘಾಟಿ ಹತ್ತಿ ಬರಬೇಕು, ಬಾಟಲಿಗೆ ಆ ಕಷ್ಟವಿಲ್ಲ.

ಗಡಿ ದಾಟದವರಿಗೆ ಕಳ್ಳಭಟ್ಟಿ. ಬೆಲ್ಲ, ಜಾಲಿ ಮರದ ತೊಗಟೆ ನೀರಿಗೆ ಹಾಕಿ ಕೊಳೆಸಿ, ಹುಳಿ ಬಂದ ಮೇಲೆ ಕುದಿಸಿ, ಆವಿ ತಣಿಸಿ ಇಳಿಸುತ್ತಾರೆ. ಇದಕ್ಕೆ ಬೇಕಾದದ್ದು ಸೌದೆ, ನೀರು, ಮರೆ. ಕಾಡಂಚಿನಲ್ಲಿ ಮೂರೂ ಸಿಗುತ್ತವೆ. ಇದಕ್ಕಿಂತ ಅಪಾಯದ್ದು ಲಾಭಕ್ಕಾಗಿ ಮೆಥನಾಲ್ ಬೆರೆಸುವುದು. ಕಾರ್ಖಾನೆಗೆ ಬಳಸುವ ಈ ಸ್ಪಿರಿಟ್ ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು, ಆಮೇಲೆ ಪ್ರಾಣ ತೆಗೆಯುತ್ತದೆ. ಕರ್ನಾಟಕದಲ್ಲಿ ಸಾರಾಯಿ ನಿಂತ ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಕಳ್ಳ ಸಾರಾಯಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಎರಡೂ ರಾಜ್ಯದವರು. ವಿಷಕ್ಕೆ ಗಡಿಯಿಲ್ಲ. 2024ರ ಜೂನ್‌ನಲ್ಲಿ ಕಲ್ಲಕುರಿಚಿಯಲ್ಲೂ ಅರವತ್ತಕ್ಕೂ ಹೆಚ್ಚು ಜನ ಹೀಗೇ ಹೋದರು. ಅದೂ ಸರ್ಕಾರವೇ ಟಾಸ್ಮ್ಯಾಕ್ ಅಂಗಡಿ ನಡೆಸುತ್ತಿರುವ ಕಾಲದಲ್ಲಿ. ಅಂಗಡಿಯ ಬೆಲೆ ಎಟುಕದವನು ಅಗ್ಗದ್ದನ್ನು ಹುಡುಕಿಕೊಂಡು ಹೋಗುತ್ತಾನೆ.

ಇನ್ನೊಂದು ಮಾತು. ಇಂಥ ಕಾಯ್ದೆ ನಡೆಯಬೇಕಾದರೆ ಪೊಲೀಸರಿಗೆ ಸುದ್ದಿ ಕೊಡುವವರು ಬೇಕು. ಗೊರೆಹಬ್ಬದಲ್ಲಿ ವರ್ಷಾ ವರ್ಷಾ ಚಾಡಿಕೋರನನ್ನು ಕತ್ತೆ ಮೇಲೆ ಕೂರಿಸಿ ಮೆರವಣಿಗೆ ಮಾಡುವ ಊರು ನಮ್ಮದು. ಚಾಡಿ ಹೇಳುವವನ ಮೇಲೆ ಜನಕ್ಕಿರುವ ಸಿಟ್ಟು ಅಷ್ಟು ಹಳೆಯದು. ನೆರೆಮನೆಯವನನ್ನು ಹಿಡಿದುಕೊಡು ಅಂದರೆ ಯಾರು ಮುಂದೆ ಬಂದಾರು?

ಹಾಗಂತ ಪಾನನಿಷೇಧ ಬರೀ ತಪ್ಪು ಅನ್ನುವುದೂ ಸರಿಯಲ್ಲ. ಕೂಲಿ ದುಡ್ಡು ಮನೆಗೆ ಬಂದು ಸೇರಲಿ ಅನ್ನುವುದೇ ಅದರ ಮೂಲ ಆಸೆ. ಒಲೆ ಹಚ್ಚುವ ಹೆಂಗಸರ ಆಸೆಯೂ ಅದೇ. ಕೆಟ್ಟದ್ದು ಕಾಯ್ದೆ ಬಂದ ರೀತಿ. ಹತ್ತು ವರ್ಷಕ್ಕೊಮ್ಮೆ ಮುಚ್ಚಿ ತೆರೆದರೆ, ಗಡಿಯ ಎರಡು ಕಡೆ ಎರಡು ನ್ಯಾಯ ಇಟ್ಟರೆ, ಕುಡಿತ ನಿಲ್ಲುವುದಿಲ್ಲ, ಜಾಗ ಬದಲಾಯಿಸುತ್ತದೆ. 1921ರಲ್ಲಿ ಆ ಇಬ್ಬರು ಹೆಂಗಸರು ನಿಂತದ್ದು ಅಂಗಡಿಯ ಮುಂದೆ, ತಮ್ಮೂರ ಜನರ ಎದುರಿಗೆ. ಆಗ ಅವರ ಕೈಯಲ್ಲಿ ಕಾಯ್ದೆ ಇರಲಿಲ್ಲ. ಆಮೇಲೆ ಕಾಯ್ದೆ ಬಂತು, ಹಾಗೆ ಎದುರಿಗೆ ನಿಂತು ಹೇಳುವವರು ಕಡಿಮೆಯಾದರು.