ಮೊದಲ ವರ್ಷದಾಗೇ ರೋಗಿಯ ಮುಂದೆ: ಕ್ಲೀವ್‌ಲ್ಯಾಂಡ್, ಸೇವಾಗ್ರಾಮ, ಸೊಲ್ಲಾಪುರ

ವೈದ್ಯ ವಿದ್ಯಾರ್ಥಿ ಮೊದಲು ಹೆಣ ಕೊಯ್ದು ಕಲೀಬೇಕು, ರೋಗಿಯ ಹತ್ತಿರ ಆಮೇಲೆ ಹೋಗಬೇಕು ಅನ್ನೋ ಕ್ರಮ ಅನಾದಿ ಕಾಲದ್ದೇನಲ್ಲ. ಅಮೆರಿಕದಲ್ಲಿ ಅದನ್ನು ಗಟ್ಟಿ ಮಾಡಿದ್ದು 1910ರ ಫ್ಲೆಕ್ಸ್‌ನರ್ ವರದಿ: ಎರಡು ವರ್ಷ ಪ್ರಯೋಗಾಲಯ, ಎರಡು ವರ್ಷ ಆಸ್ಪತ್ರೆ. ಆ ಗೋಡೆಯನ್ನು ಒಡೆಯಲು ಹೊರಟದ್ದು ಕ್ಲೀವ್‌ಲ್ಯಾಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ. 1952ರ ಹೊಸ ಪಠ್ಯಕ್ರಮದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗೆ ಒಬ್ಬ ಬಸುರಿಯನ್ನು ಪರಿಚಯಿಸುತ್ತಿದ್ದರು. ತಪಾಸಣೆ, ಹೆರಿಗೆ, ಆಮೇಲೆ ಕೂಸಿನ ಬೆಳವಣಿಗೆ, ಎಲ್ಲದರ ಜೊತೆಗಿರಬೇಕು. ಔಷಧಿ ಬರೆಯುವ ಹಕ್ಕಿಲ್ಲ. ಮಾತಾಡಿಸಬಹುದು, ಕೇಳಿಸಿಕೊಳ್ಳಬಹುದು. ಪಾಠ ಅದೇ.

ನಮ್ಮಲ್ಲಿ ಸುಶೀಲಾ ನಾಯರ್ ಅವರು 1969ರಲ್ಲಿ ಸೇವಾಗ್ರಾಮದಲ್ಲಿ ಕಟ್ಟಿದ ಕಾಲೇಜು, ಮೊದಲ ವರ್ಷದವರನ್ನು ಹಳ್ಳಿಯಲ್ಲಿ ಉಳಿಸಿ ಕೆಲವು ಮನೆಗಳನ್ನು ಒಪ್ಪಿಸುವ ಪದ್ಧತಿ ಬೆಳೆಸಿತು. ದೇಶಕ್ಕೆಲ್ಲ ನಿಯಮ ಬಂದದ್ದು 2019ರಲ್ಲಿ. ಆ 2019ರ ನಿಯಮದಲ್ಲಿ ಮೊದಲ ವರ್ಷ ಆರಂಭಿಕ ಕ್ಲಿನಿಕಲ್ ಪರಿಚಯಕ್ಕೆ 90 ಗಂಟೆ ಇತ್ತು. ಅದಕ್ಕೂ ಮುಂಚಿನ ಬುನಾದಿ ಕೋರ್ಸಿನಲ್ಲಿ ಭಾಷೆ, ಕಂಪ್ಯೂಟರ್ ಎರಡೂ ಸೇರಿ 40 ಗಂಟೆ ಇಟ್ಟಿದ್ದರು.

ನನ್ನ ತಕರಾರು ಈ ಭಾಷೆಯ ಪಾಠದ್ದು. ಭಾಷೆ ಅಂದ್ರೆ ಯಾವ ಭಾಷೆ? ಸೊಲ್ಲಾಪುರದಲ್ಲಿ 1963ರಿಂದ ವೈದ್ಯಕೀಯ ಕಾಲೇಜಿದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಮಂದಿಗೆ ದೊಡ್ಡ ದವಾಖಾನಿ ಅಂದ್ರೆ ಆ ಊರೇ. ನಮ್ಮ ಕಡೆ ವಯಸ್ಸಾದ ಹೆಣ್ಣುಮಕ್ಕಳು ಸಂತಿಯೊಳಗ ಮರಾಠಿ ಆಡ್ಯಾರು, ಬ್ಯಾನಿ ಹೇಳೋದು ಮಾತ್ರ ಕನ್ನಡದಾಗೇ. 'ದಮ್ಮು ಹತ್ತತದ' ಅಂದ್ರೆ ಮರಾಠಿ ಹುಡುಗನಿಗೂ ತಿಳಿದೀತು, ದಮ್ಮು ಎರಡೂ ಕಡೆ ಅದ. 'ಹೊಟ್ಟ್ಯಾಗ ಸಂಕಟ ಆಗಲಾಕತ್ತದ' ಅಂದ್ರೆ? ಮರಾಠಿಯಲ್ಲಿ ಸಂಕಟ ಅಂದ್ರೆ ಆಪತ್ತು. ನಮ್ಮಲ್ಲಿ ಒಳಗಿನ ತಳಮಳ, ನೋವು. ಇಂಥಲ್ಲಿ ಮಗನೇ ದುಭಾಷಿ ಆಗ್ತಾನೆ. ಮಗನ ಎದುರು ಮುಟ್ಟಿನ ತೊಂದರೆ ಯಾವ ತಾಯಿ ಹೇಳ್ಯಾಳು? ಕ್ಲೀವ್‌ಲ್ಯಾಂಡಿನ ಪಾಠ ಅಲ್ಲಿಗೇ ನಿಂತುಬಿಡುತ್ತದೆ. (ಸೊಲ್ಲಾಪುರದ ತೆಲುಗು ನೇಕಾರರ ಮನೆಗಳ ಕತೆಯೂ ಇದೇ, ಕನ್ನಡದ ಗೋಳು ಮಾತ್ರ ಅಲ್ಲ.)

ಕನ್ನಡ ಬಲ್ಲ ನರ್ಸ್‌ಗಳು, ಆಯಾಗಳು ಯಾವ ವಾರ್ಡಿನಲ್ಲಿದ್ದರೂ ಇಂಥ ಮಾತುಗಳನ್ನ ಒಂದು ಮಧ್ಯಾಹ್ನದಾಗ ಹೇಳಿಕೊಟ್ಟಾರು. ಬುನಾದಿ ಕೋರ್ಸಿನೊಳಗ ನಾಲ್ಕು ಗಂಟೆ ಅವರಿಗೆ ಬಿಟ್ಟುಕೊಡಿ, ಪಾಠದ ಸಂಭಾವನೆಯನ್ನೂ ಕೊಡಿ ಅಂತ ಗಡಿ ಭಾಗದ ಕಾಲೇಜುಗಳನ್ನು ನಾವು ಕೇಳಬೇಕು.