ವಿಮಾ ಕಂಪೆನಿಯ ಜವಾಬು: ಉಡುಪಿ, ಕಾರ್ಕಳ ಪ್ರದೇಶದ ಮೋಟಾರು ಅಪಘಾತ ವ್ಯಾಜ್ಯಗಳ ಚರಿತ್ರೆಗೆ ಒಂದು ಪ್ರವೇಶ

ನ್ಯಾಯಾಲಯದ ಕಾಗದಪತ್ರಗಳನ್ನು ಚರಿತ್ರೆಯ ಆಕರಗಳಾಗಿ ಬಳಸುವಾಗ ನಮ್ಮ ವಿದ್ವಾಂಸರು ಮೊದಲು ಅರಸುವುದು ಭೂಮಿಯ ವ್ಯಾಜ್ಯಗಳನ್ನು, ಅಳಿಯಸಂತಾನದ ಪಾಲಿನ ದಾವೆಗಳನ್ನು. ದಕ್ಷಿಣ ಕನ್ನಡದ ಮಟ್ಟಿಗೆ ಇದು ಸಹಜವೇ ಆಗಿದೆ. ಮೂಲಗೇಣಿ, ಚಾಲಗೇಣಿ, ಕವಲು, ಯಜಮಾನಿಕೆಗಳ ವಿವಾದಗಳ ಮೇಲೆಯೇ ಇಲ್ಲಿಯ ವಕೀಲಿ ವೃತ್ತಿ ಬೆಳೆದುದು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಉಡುಪಿ, ಕಾರ್ಕಳಗಳ ನ್ಯಾಯಾಲಯಗಳಿಗೆ ಇನ್ನೊಂದು ಬಗೆಯ ವ್ಯಾಜ್ಯ ಬಂದಿತು. ಅದೇ ಮೋಟಾರು ಅಪಘಾತದ ಪರಿಹಾರದ ಅರ್ಜಿ. ಆ ಅರ್ಜಿಗೆ ಎದುರಾಗಿ ವಿಮಾ ಕಂಪೆನಿಯ ವಕೀಲನು ಸಲ್ಲಿಸುವ ಜವಾಬೇ ಪ್ರಸ್ತುತ ಪ್ರಬಂಧದ ವಿಷಯ. ಹಣವುಳ್ಳ ಪಕ್ಷದ ವಕೀಲನೆಂದು ಜನ ಆತನನ್ನು ಸಂದೇಹದಿಂದ ನೋಡುವುದುಂಟು. ವಸ್ತುತಃ ಆತನು ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದನ್ನು ಶಾಸನವೇ ಗೆರೆ ಎಳೆದು ಕಟ್ಟಿಹಾಕಿದೆ. ಆ ಗೆರೆ ಸರಿದಾಡಿದ ಹಾಗೆಲ್ಲ ಸಾವುನೋವಿನ ನಷ್ಟ ಯಾರ ಹೆಗಲಿಗೆ ಬಿದ್ದಿತು ಎಂಬುದನ್ನು ಕಾಣುವುದು ಇಲ್ಲಿಯ ಉದ್ದೇಶ.

ಈ ಕರಾವಳಿಯ ಬಸ್ಸು ಸಂಚಾರ ಸರ್ಕಾರದಿಂದ ಬಂದುದಲ್ಲ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಸ್ಥಾಪಿತವಾದಂದಿನಿಂದ ಅದು ಖಾಸಗಿ ಮಾಲಿಕರ ಉದ್ಯಮವಾಗಿಯೇ ಬೆಳೆಯಿತು. ಉಡುಪಿಯಿಂದ ಕಾರ್ಕಳಕ್ಕೂ ಮಂಗಳೂರಿಗೂ ಹೋಗುವ ಮಾರ್ಗಗಳಲ್ಲಿ ಇಂದಿಗೂ ಖಾಸಗಿ ಬಸ್ಸುಗಳದೇ ಪ್ರಾಬಲ್ಯ. ನಮ್ಮ ವಿಷಯಕ್ಕೆ ಇದು ಮುಖ್ಯವಾದ ಸಂಗತಿ. ಸರ್ಕಾರಿ ಸಾರಿಗೆ ಸಂಸ್ಥೆಗಳು ತಮ್ಮದೇ ನಿಧಿಯನ್ನಿಟ್ಟುಕೊಂಡು ವಿಮೆಯಿಂದ ವಿನಾಯಿತಿ ಪಡೆಯಲು ಕಾಯಿದೆಯಲ್ಲಿ ಅವಕಾಶವಿದೆ; ಖಾಸಗಿ ಮಾಲಿಕನಿಗೆ ಆ ಅವಕಾಶವಿಲ್ಲ. ಆದ್ದರಿಂದ ಹಳೆಯ ಮೈಸೂರಿನ ಸೀಮೆಯಲ್ಲಿ ಸಾರಿಗೆ ಸಂಸ್ಥೆಯ ವಕೀಲನು ನಿಲ್ಲುವ ಎಷ್ಟೋ ಕಡೆಗಳಲ್ಲಿ ಇಲ್ಲಿ ವಿಮಾ ಕಂಪೆನಿಯ ವಕೀಲನು ನಿಲ್ಲುತ್ತಾನೆ.

ಮೊದಲು ಸ್ಥಿತಿ ಹೀಗಿರಲಿಲ್ಲ. ಬಸ್ಸಿನ ಚಕ್ರಕ್ಕೆ ಸಿಕ್ಕಿ ಸತ್ತವನ ಹೆಂಡತಿ ಮಕ್ಕಳು 1855ರ ಮಾರಕ ಅಪಘಾತಗಳ ಕಾಯಿದೆಯ ಆಧಾರದಿಂದ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾಗಿತ್ತು, ಕೇಳಿದ ಮೊತ್ತಕ್ಕೆ ತಕ್ಕ ಶುಲ್ಕವನ್ನು ಮುಂದಾಗಿ ತೆರಬೇಕಾಗಿತ್ತು. ಡಿಕ್ರಿ ಸಿಕ್ಕರೂ ಮಾಲಿಕನ ಬಳಿ ಹಣವಿಲ್ಲದಿದ್ದರೆ ಅದು ಬರಿಯ ಕಾಗದ. 1939ರ ಮೋಟಾರು ವಾಹನಗಳ ಕಾಯಿದೆಯ ಎಂಟನೆಯ ಅಧ್ಯಾಯವು 1946ರ ಜುಲೈ 1ರಂದು ಜಾರಿಗೆ ಬಂದು ಮೂರನೆಯವರ ಪರವಾದ ವಿಮೆಯನ್ನು ಕಡ್ಡಾಯಗೊಳಿಸಿತು. ಅದರ 96ನೆಯ ಕಲಮಿನಂತೆ ಮಾಲಿಕನ ಮೇಲಾದ ಡಿಕ್ರಿಯನ್ನು ಕಂಪೆನಿ ತೀರಿಸಬೇಕು. ಕಂಪೆನಿಗೆ ನೋಟೀಸು ಕೊಡಬೇಕು, ಅದು ಬಂದು ವಾದಿಸಬಹುದು. ಆದರೆ ಎಣಿಸಿಟ್ಟ ಕೆಲವೇ ಕಾರಣಗಳ ಮೇಲೆ. ಪಾಲಿಸಿ ಮೊದಲೇ ರದ್ದಾಗಿತ್ತು, ಬಾಡಿಗೆಗೆ ಅನುಮತಿಯಿಲ್ಲದ ವಾಹನವನ್ನು ಬಾಡಿಗೆಗೆ ಓಡಿಸಲಾಯಿತು, ಚಾಲಕನಿಗೆ ಲೈಸೆನ್ಸ್ ಇರಲಿಲ್ಲ, ಮುಖ್ಯ ಸಂಗತಿಯನ್ನು ಮರೆಮಾಚಿ ಪಾಲಿಸಿ ಪಡೆಯಲಾಯಿತು ಎಂಬಂಥವು ಆ ಕಾರಣಗಳು. ಚಾಲಕನ ತಪ್ಪೇ ಇರಲಿಲ್ಲವೆಂದಾಗಲಿ, ಕೇಳಿದ ಮೊತ್ತ ಹೆಚ್ಚಾಯಿತೆಂದಾಗಲಿ ಹೇಳುವ ಹಕ್ಕು ಆ ಪಟ್ಟಿಯಲ್ಲಿಲ್ಲ.

1959ರಲ್ಲಿ ಕ್ಯಾಪ್ಟನ್ ಇತ್ಬಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪಟ್ಟಿಯೇ ಪೂರ್ಣವೆಂದೂ ಅದರ ಹೊರಗಿನ ಯಾವ ವಾದಕ್ಕೂ ಕಂಪೆನಿಗೆ ಎಡೆಯಿಲ್ಲವೆಂದೂ ತೀರ್ಮಾನಿಸಿತು. ಕಂಪೆನಿಗೆ ಇದು ಅನ್ಯಾಯವಾಗದೆ ಎಂದರೆ, ಮಾಲಿಕನ ಹೆಸರಿನಲ್ಲಿ ತಾನೇ ವ್ಯಾಜ್ಯ ನಡೆಸುವ ಹಕ್ಕನ್ನು ಪಾಲಿಸಿಯಲ್ಲಿ ಬರೆದಿಟ್ಟುಕೊಳ್ಳಬಹುದಲ್ಲ ಎಂದು ಅದೇ ತೀರ್ಪು ಸೂಚಿಸಿತು. ಆಕರಗಳನ್ನು ಓದುವವರು ಇದನ್ನು ನೆನಪಿನಲ್ಲಿಡಬೇಕು: ಅಂದಿನ ಕಡತಗಳಲ್ಲಿ ಬಸ್ಸಿನ ಮಾಲಿಕನ ಜವಾಬೆಂದು ಕಾಣುವುದು ಎಷ್ಟೋ ವೇಳೆ ಕಂಪೆನಿಯ ವಕೀಲನ ಬರವಣಿಗೆಯಾಗಿರಬಹುದು.

ಈ ನಡುವೆ ಎರಡು ಬದಲಾವಣೆಗಳು ಒಂದರ ಬೆನ್ನಿಗೆ ಒಂದು ಬಂದುವು. 1956ರ ನವೆಂಬರ್ 1ರಂದು ಜಿಲ್ಲೆಯು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮೇಲ್ಮನವಿಗಳು ಬೆಂಗಳೂರಿನ ಕಡೆಗೆ ತಿರುಗಿದುವು. (ಕೇರಳಕ್ಕೆ ಸೇರಿದ ಕಾಸರಗೋಡಿನವರು ಎರ್ನಾಕುಲಕ್ಕೆ ಹೋಗಬೇಕಾಯಿತು.) 1957ರ ಫೆಬ್ರವರಿಯಲ್ಲಿ ಅಪಘಾತ ಪರಿಹಾರಕ್ಕಾಗಿಯೇ ಪ್ರತ್ಯೇಕ ಟ್ರಿಬ್ಯೂನಲ್‌ಗಳನ್ನು ನೇಮಿಸಲು ಅವಕಾಶ ಕೊಟ್ಟ ತಿದ್ದುಪಡಿ ಜಾರಿಗೆ ಬಂದಿತು. ಉಡುಪಿಯಲ್ಲಿ ಕಾನೂನು ಕಾಲೇಜು ಆರಂಭವಾದುದೂ ಅದೇ 1957ರಲ್ಲಿ. ಈಗ ಅದು ವೈಕುಂಠ ಬಾಳಿಗಾ ಅವರ ಹೆಸರನ್ನು ಹೊತ್ತಿದೆ. ಇದು ಕಾಕತಾಳೀಯವೇ ಸರಿ. ಆದರೂ ವಕೀಲಿ ಕಲಿಯಲು ದೂರದ ಊರಿಗೆ ಹೋಗಬೇಕಾದ ಅಗತ್ಯ ತಪ್ಪಿದ ಕಾಲಕ್ಕೇ ಈ ಹೊಸ ಬಗೆಯ ಕೆಲಸವೂ ಹುಟ್ಟಿತೆಂಬುದು ಗಮನಿಸತಕ್ಕ ಮಾತು.

1970ರಿಂದ ಕಟ್ಟು ಸ್ವಲ್ಪ ಸಡಿಲಾಯಿತು. ಮಾಲಿಕನು ಅರ್ಜಿದಾರನೊಡನೆ ಕೂಡಿಕೊಂಡಿದ್ದರೆ ಅಥವಾ ಹಾಜರಾಗದೆ ಸುಮ್ಮನಿದ್ದರೆ, ಟ್ರಿಬ್ಯೂನಲಿನ ಅಪ್ಪಣೆ ಪಡೆದು ಕಂಪೆನಿಯು ಎಲ್ಲ ವಾದಗಳನ್ನೂ ಹೂಡಬಹುದಾಯಿತು. ವಿಮೆ ಇದೆಯೆಂಬ ಧೈರ್ಯದಿಂದ ಮಾಲಿಕನು ನ್ಯಾಯಾಲಯದತ್ತ ಸುಳಿಯದಿರುವುದು ಸಾಮಾನ್ಯವಾದುದರಿಂದ ಈ ಅಪ್ಪಣೆಯ ಅರ್ಜಿ ವಕೀಲರ ನಿತ್ಯದ ಕೆಲಸವಾಯಿತು. 1973ರ ಜನವರಿ 1ರಿಂದ ಸಾಮಾನ್ಯ ವಿಮೆ ರಾಷ್ಟ್ರೀಕೃತವಾಗಿ ನೂರಕ್ಕೂ ಮೇಲ್ಪಟ್ಟ ಕಂಪೆನಿಗಳು ನಾಲ್ಕರಲ್ಲಿ ಅಡಗಿದುವು. ಅವುಗಳ ಪ್ಯಾನೆಲ್ಲಿಗೆ ಸೇರಿದ ಸ್ಥಳೀಯ ವಕೀಲರೇ ಇಲ್ಲಿ ಈ ವೃತ್ತಿಯ ಬೆನ್ನೆಲುಬು. ಹೊಣೆಯ ಮಿತಿಯೂ ಏರುತ್ತ ಹೋಯಿತು. ಸರಕು ವಾಹನದ ಮಟ್ಟಿಗೆ ಮೊದಲು 20,000 ರೂಪಾಯಿ ಇದ್ದುದು 1970ರಲ್ಲಿ 50,000, 1982ರಲ್ಲಿ 1,50,000 ಆಯಿತು. 1989ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯಿದೆ ಮೂರನೆಯವರ ಸಾವು ಮತ್ತು ಗಾಯಗಳ ಮಟ್ಟಿಗೆ ಆ ಮಿತಿಯನ್ನೇ ತೆಗೆದುಹಾಕಿತು. ಅಲ್ಲಿಂದ ಮುಂದೆ ‘ಎಷ್ಟು’ ಎಂಬುದಕ್ಕಿಂತ ‘ಯಾರಿಗೆ’ ಎಂಬುದು ಜವಾಬಿನ ಕೇಂದ್ರಕ್ಕೆ ಬಂದಿತು.

ಇಲ್ಲಿಯೇ ಸ್ಥಳೀಯ ಜೀವನ ಕಡತದೊಳಗೆ ಇಣುಕುತ್ತದೆ. ಮಲ್ಪೆಯ ಬಂದರಿನಲ್ಲಿಯೋ ಕಾಪುವಿನ ಕಡಲ ದಂಡೆಯಲ್ಲಿಯೋ ಮೀನು ಕೊಂಡ ಮೊಗವೀರ ಹೆಂಗಸು ಬುಟ್ಟಿಯೊಡನೆ ಟೆಂಪೋ ಹತ್ತಿ ಸಂತೆಗೆ ಹೊರಟಳೆನ್ನೋಣ. ಟೆಂಪೋ ಮಗುಚಿದರೆ ಅವಳು ಯಾರು? ಸರಕಿನ ಒಡತಿಯೋ, ಸರಕಿನ ವಾಹನದಲ್ಲಿ ಕುಳಿತ ಪ್ರಯಾಣಿಕಳೋ? 1994ರ ನವೆಂಬರಿನ ತಿದ್ದುಪಡಿಯು ಸರಕಿನೊಡನೆ ಹೋಗುವ ಒಡೆಯನಿಗೆ ವಿಮೆಯ ರಕ್ಷಣೆ ಕೊಟ್ಟಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕು ವಾಹನದಲ್ಲಿ ಕುಳಿತ ಯಾರಿಗೂ ರಕ್ಷಣೆ ಉಂಟೆಂದು ಹೇಳಿ, ಮೂರು ವರ್ಷದೊಳಗೆ ಆಶಾ ರಾಣಿ ಪ್ರಕರಣದಲ್ಲಿ ಆ ನಿಲುವನ್ನು ಕೈಬಿಟ್ಟಿತು. 2007ರ ಇನ್ನೊಂದು ತೀರ್ಪಿನಂತೆ ಸರಕಿನ ಒಡೆಯನೆಂದರೆ ಚಾಲಕನ ಕ್ಯಾಬಿನ್ನಿನಲ್ಲಿ ಕುಳಿತವನು. ಕ್ಯಾಬಿನ್ನಿನಲ್ಲಿ ಎಷ್ಟು ಮಂದಿ ಕುಳಿತಾರು? ಹಿಂದೆ ಬುಟ್ಟಿಗಳ ನಡುವೆ ಕುಳಿತವರ ಪಾಡು ಪ್ರಶ್ನೆಯಾಗಿಯೇ ಉಳಿಯಿತು. ದೆಹಲಿಯ ತೀರ್ಪು ಬರೆಯುವಾಗ ಕರಾವಳಿಯ ಮೀನಿನ ಟೆಂಪೋ ಯಾರ ಕಣ್ಣ ಮುಂದೆಯೂ ಇದ್ದಂತಿಲ್ಲ ಎನ್ನದೆ ವಿಧಿಯಿಲ್ಲ. ಕಾರ್ಕಳದ ಕಡೆಯ ಕಲ್ಲು ಸಾಗಿಸುವ ಲಾರಿಯ ಮೇಲಿನ ಕೂಲಿಯಾಳಿನ ಪ್ರಶ್ನೆ ಬೇರೆ. ಅವನು ಮಾಲಿಕನ ಆಳೆಂದು ಸಿದ್ಧವಾದರೆ ಕಂಪೆನಿಯ ಹೊಣೆ 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಲೆಕ್ಕಕ್ಕೆ ಸೀಮಿತವಾಗಿತ್ತು. ಆಳಲ್ಲವೆಂದಾದರೆ ಅವನೂ ಬರಿಯ ಪ್ರಯಾಣಿಕನೇ.

ಗಾಯದ ಪ್ರಕರಣಗಳಲ್ಲಿ ಮಣಿಪಾಲದ ಪಾತ್ರ ಬರುತ್ತದೆ. 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಸ್ಥಾಪಿತವಾದುದರಿಂದ ಗಾಯದ ಚೀಟಿಯೂ ಅಂಗವೈಕಲ್ಯದ ಪ್ರಮಾಣಪತ್ರವೂ ತಜ್ಞರ ಕೈಬರಹದಲ್ಲಿ ಬರುವ ಸೌಕರ್ಯ ಈ ನ್ಯಾಯಾಲಯಗಳಿಗೆ ಒದಗಿತು. ಕಂಪೆನಿಯ ವಕೀಲನು ವೈದ್ಯರನ್ನು ಪಾಟೀಸವಾಲು ಮಾಡುವಾಗ ಕೇಳುವ ಮುಖ್ಯ ಪ್ರಶ್ನೆ ಒಂದೇ: ಕಾಲಿನ ಶೇಕಡಾ 40ರಷ್ಟು ನ್ಯೂನತೆ ಇಡೀ ದೇಹಕ್ಕೆ ಎಷ್ಟಾಯಿತು, ದುಡಿಮೆಗೆ ಎಷ್ಟಾಯಿತು? ಈ ಮೂರೂ ಬೇರೆ ಬೇರೆಯೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ವಿಶದಪಡಿಸಿದೆ. ಗುಮಾಸ್ತನ ಕುಂಟುಕಾಲಿಗೂ ತೆಂಗಿನ ಮರ ಹತ್ತುವವನ ಕುಂಟುಕಾಲಿಗೂ ಬೆಲೆ ಒಂದಲ್ಲ.

ಲೈಸೆನ್ಸಿನ ವಾದವೇ ಎಲ್ಲಕ್ಕಿಂತ ಹಳೆಯದು, ಈಗಲೂ ಬಳಕೆಯಲ್ಲಿರುವುದು. 2004ರ ಸ್ವರ್ಣ ಸಿಂಗ್ ತೀರ್ಪಿನ ಮೇಲೆ, ಲೈಸೆನ್ಸ್ ನಕಲಿಯೆಂದು ತೋರಿಸಿದರೆ ಸಾಲದು. ಮಾಲಿಕನು ಎಚ್ಚರ ತಪ್ಪಿದ್ದನೆಂಬುದನ್ನೂ ಕಂಪೆನಿಯೇ ಸಿದ್ಧಪಡಿಸಬೇಕು. ಲಘು ವಾಹನದ ಲೈಸೆನ್ಸುಳ್ಳವನು 7,500 ಕಿಲೋಗ್ರಾಂ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವು ಹೇಳಿದುದರಿಂದ ಟೆಂಪೋ, ರಿಕ್ಷಾಗಳ ಮೇಲಿನ ಆಕ್ಷೇಪಣೆಗಳ ಒಂದು ದೊಡ್ಡ ಕಟ್ಟೇ ಬಿದ್ದುಹೋಯಿತು. 2022ರ ಏಪ್ರಿಲ್ 1ರಿಂದ ಈ ಪಟ್ಟಿ 150ನೆಯ ಕಲಮಿಗೆ ಸ್ಥಳಾಂತರವಾಗಿದೆ. ವಿಮಾಕಂತು ಸಲ್ಲದಿದ್ದುದು ಒಂದು ಹೊಸ ಕಾರಣವಾಗಿ ಅದರಲ್ಲಿ ಸೇರಿದೆ.

ಇಷ್ಟಾದರೂ ಕಂಪೆನಿ ಗೆದ್ದಿತೆನ್ನಿ. ಆಗ ಏನಾಗುತ್ತದೆ? ಮೊದಲು ಅರ್ಜಿದಾರನಿಗೆ ಹಣ ಕೊಡು, ಆಮೇಲೆ ಮಾಲಿಕನಿಂದ ವಸೂಲು ಮಾಡಿಕೊ ಎಂಬುದು ಈಗಿನ ಪದ್ಧತಿ. 2020ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಪೂರ್ಣ ಪೀಠವೂ ಇದನ್ನೇ ಎತ್ತಿಹಿಡಿಯಿತು. ಸತ್ತವನ ಮನೆಯವರ ದೃಷ್ಟಿಯಿಂದ ಇದು ಉತ್ತಮ ನಿಯಮವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರಿಂದ ಜವಾಬಿನ ಗುರಿಯೇ ಬದಲಾಯಿತು. ಈಗ ಅದು ತಗಲುವುದು ಅರ್ಜಿದಾರನಿಗಲ್ಲ, ಇನ್ನೊಬ್ಬ ಪ್ರತಿವಾದಿಗೆ. ಹತ್ತಾರು ಬಸ್ಸುಗಳ ಒಡೆಯನು ಕಾಗದಪತ್ರಗಳನ್ನು ಸರಿಯಾಗಿಟ್ಟುಕೊಂಡಿರುತ್ತಾನೆ. ಸಿಕ್ಕಿಬೀಳುವವನು ಬ್ಯಾಂಕಿನ ಸಾಲದಿಂದ ಒಂದೇ ಟೆಂಪೋ ಕೊಂಡವನು. ವಸೂಲಿಗಾಗಿ ಕಂಪೆನಿಯು ಬೇರೆ ದಾವೆ ಹೂಡಬೇಕಾಗಿಲ್ಲ, ಅದೇ ತೀರ್ಪಿನ ಬಲದಿಂದ ಅಮಲ್ಜಾರಿ ಅರ್ಜಿ ಹಾಕಬಹುದು. ಅಪಘಾತವಾದ ವರ್ಷ ಹಾಜರಾಗದೆ ಸುಮ್ಮನಿದ್ದ ಮಾಲಿಕನು ಮೊದಲ ಸಲ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಆ ನೋಟೀಸು ಕೈಗೆ ಬಂದಾಗ. ಅಷ್ಟರಲ್ಲಿ ಸಾಕ್ಷ್ಯ ಮುಗಿದಿರುತ್ತದೆ, ಲೈಸೆನ್ಸಿನ ಬಗ್ಗೆ ತಾನು ತೆಗೆದುಕೊಂಡ ಎಚ್ಚರಿಕೆಯನ್ನು ಹೇಳಿಕೊಳ್ಳಲು ವೇಳೆ ಮೀರಿರುತ್ತದೆ.