ಮಂದ್ರ ಮನೆಗೆ ಬಂದ ಬಗೆ

ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಯ ಕಚೇರಿ ಕೇಳಿದವರಿಗೆ ಮೃದಂಗದ ಎಡಮುಖದ ಗುಂಕಿಯನ್ನು ಪರಿಚಯಿಸಬೇಕಾಗಿಲ್ಲ. ಅದು ಕಿವಿಗೆ ಕೇಳಿಸುವುದಷ್ಟೇ ಅಲ್ಲ, ಎದೆಗೂ ತಟ್ಟುತ್ತದೆ. ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ಈ ಉತ್ಸವದ ಮೊದಲ ವರ್ಷಗಳಲ್ಲಿ, ಕಚೇರಿ ಕೇಳಿ ಮನೆಗೆ ಮರಳಿದವರು ಗ್ರಾಮಫೋನಿಗೆ ಕೀಲಿ ಕೊಟ್ಟರೆ ಸಿಗುತ್ತಿದ್ದುದು ಬೇರೆಯೇ ನಾದ. ಹಾಡು ಇತ್ತು, ಪಿಟೀಲು ಇತ್ತು, ಗುಂಕಿ ಮಾತ್ರ ಸೊರಗಿರುತ್ತಿತ್ತು. ರೆಕಾರ್ಡಿನ ಇತಿಹಾಸದಲ್ಲಿ ಎಲ್ಲಕ್ಕಿಂತ ತಡವಾಗಿ ಮನೆ ತಲುಪಿದ್ದು ಈ ತಗ್ಗಿದ ನಾದ. ಸಂಗೀತಗಾರರು ಮಂದ್ರ ಎನ್ನುವ, ಇಂದಿನ ಆಡುಮಾತಿನಲ್ಲಿ ‘ಬೇಸ್’ ಎನಿಸಿಕೊಳ್ಳುವ ಅದಕ್ಕೆ ದಾರಿ ಮಾಡಿಕೊಟ್ಟವುಗಳಲ್ಲಿ, ಹಿರಿಯರು ‘ಗಲಾಟೆ’ ಎಂದು ಮೂಗು ಮುರಿದ ರಾಕ್ ಸಂಗೀತವೂ ಒಂದು.

ಭಾರತದಲ್ಲಿ ಧ್ವನಿಮುದ್ರಣ ಗಟ್ಟಿಯಾಗಿ ನೆಲೆಯೂರಿದ್ದು 1902ರಲ್ಲಿ. ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಆ ವರ್ಷ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ಆಗ ಮೈಕ್ ಇರಲಿಲ್ಲ. ಗಾಯಕರು ದೊಡ್ಡ ಕಹಳೆಯಂಥ ಕೊಳವೆಯೊಳಗೆ ಹಾಡಬೇಕು. ಆ ಗಾಳಿಯ ಕಂಪನವೇ ಮುಳ್ಳನ್ನು ಅಲುಗಿಸಿ ಮೇಣದ ಮೇಲೆ ಗೀರು ಕೊರೆಯಬೇಕು. ಕಂಠಕ್ಕೆ ಒಗ್ಗಿದ ಈ ಏರ್ಪಾಡು ತಗ್ಗಿದ ನಾದಕ್ಕೆ ಒಗ್ಗಲಿಲ್ಲ. ಪಾಶ್ಚಾತ್ಯ ವಾದ್ಯವೃಂದಗಳ ಮುದ್ರಣದಲ್ಲಿ ಡಬಲ್ ಬೇಸ್ ಎಂಬ ಭಾರಿ ತಂತಿವಾದ್ಯವನ್ನು ಬದಿಗಿಟ್ಟು, ಟ್ಯೂಬಾ ಎಂಬ ಊದುವಾದ್ಯವನ್ನು ನುಡಿಸುತ್ತಿದ್ದುದೂ ಇದೇ ಕಾರಣಕ್ಕೆ. ಮೈಕ್ ಬಳಸುವ ವಿದ್ಯುತ್ ಮುದ್ರಣ 1925ರಲ್ಲಿ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕಹಳೆಯ ಕಾಲದಿಂದ ಮೈಕ್‌ನ ಕಾಲಕ್ಕೆ ಆದ ಬದಲಾವಣೆ ಅವರ ಜೀವಿತಾವಧಿಯಲ್ಲೇ ಮುಗಿದಿತ್ತು.

ಮುಂದಿನ ತೊಡಕು ಇದ್ದುದು ರೆಕಾರ್ಡಿನ ಗೀರಿನಲ್ಲೇ. ನಾದ ತಗ್ಗಿದಷ್ಟೂ ಮುಳ್ಳು ಅತ್ತಿತ್ತ ಹೆಚ್ಚು ಅಗಲಕ್ಕೆ ಓಲಾಡುತ್ತದೆ. ಅದನ್ನು ಇದ್ದಂತೆಯೇ ಕೊರೆದರೆ ಒಂದು ಗೀರು ಪಕ್ಕದ ಗೀರಿಗೆ ನುಗ್ಗುತ್ತದೆ. 1948ರಲ್ಲಿ ಅಮೆರಿಕದಲ್ಲಿ ಹೊರಬಂದ ಎಲ್‌ಪಿ ರೆಕಾರ್ಡಿನಲ್ಲಂತೂ ಗೀರುಗಳು ಮೊದಲಿಗಿಂತ ಒತ್ತೊತ್ತು. ಇದಕ್ಕೆ ಕಂಡುಕೊಂಡ ಉಪಾಯ ಸರಳ. ಕೊರೆಯುವಾಗ ಮಂದ್ರವನ್ನು ಕುಗ್ಗಿಸುವುದು, ನುಡಿಸುವಾಗ ಆಂಪ್ಲಿಫೈಯರ್ ಅದನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸುವುದು. 1954ರ ಸುಮಾರಿಗೆ ಅಮೆರಿಕದ ರೆಕಾರ್ಡ್ ಉದ್ಯಮ ಇದಕ್ಕೊಂದು ಸಾಮಾನ್ಯ ಅಳತೆ ಗೊತ್ತುಮಾಡಿತು. ಅದರಂತೆ ಸೆಕೆಂಡಿಗೆ 20 ಕಂಪನದ ನಾದ, 1,000 ಕಂಪನದ ನಾದಕ್ಕೆ ಹೋಲಿಸಿದರೆ, ಸುಮಾರು ಹತ್ತನೇ ಒಂದು ಪಾಲಿಗೆ ಇಳಿದು ಗೀರಿಗೆ ಸೇರುತ್ತದೆ. ಹೀಗಾಗಿ ಮಂದ್ರ ಕೇಳಿಸುವುದು ರೆಕಾರ್ಡಿನಷ್ಟೇ ಅದನ್ನು ನುಡಿಸುವ ಯಂತ್ರವನ್ನೂ ಅವಲಂಬಿಸಿತು.

ಈ ವೇಳೆಗೆ ಪಶ್ಚಿಮದ ಸಂಗೀತವೂ ಬದಲಾಗುತ್ತಿತ್ತು. 1951ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ವಿದ್ಯುತ್ ಬೇಸ್ ಗಿಟಾರಿನ ದಪ್ಪ ತಂತಿಯ ಕಂಪನ ಸೆಕೆಂಡಿಗೆ 41. 1970ರ ಆಸುಪಾಸಿನಲ್ಲಿ ಇಂಗ್ಲೆಂಡಿನ ‘ಪ್ರೊಗ್ರೆಸಿವ್ ರಾಕ್’ ತಂಡಗಳು ಈ ವಾದ್ಯವನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ತಂದವು. ಮೂರು ನಿಮಿಷದ ಹಾಡನ್ನು ಬಿಟ್ಟು, ಎಲ್‌ಪಿಯ ಒಂದು ಮಗ್ಗುಲು ಪೂರ್ತಿ ಒಂದೇ ಕೃತಿಯನ್ನು ಬೆಳೆಸಿದವು. ರಾಗ, ತಾನ, ಪಲ್ಲವಿ ಕೇಳಿ ಬೆಳೆದವರಿಗೆ ಈ ವಿಸ್ತಾರ ಅಪರಿಚಿತವೇನಲ್ಲ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎದೆಬಡಿತದ ಸದ್ದಿನಿಂದ ಶುರುವಾಗುತ್ತದೆ. ಅದರಲ್ಲಿನ ‘ಮನಿ’ ಹಾಡನ್ನು ರೋಜರ್ ವಾಟರ್ಸ್ ಅವರ ಬೇಸ್ ಗಿಟಾರು ಏಳು ಎಣಿಕೆಯಲ್ಲಿ ನಡೆಸುತ್ತದೆ. ಮಿಶ್ರಛಾಪು ಬಲ್ಲವರು ತೊಡೆ ತಟ್ಟಿ ಲೆಕ್ಕ ಹಾಕಬಹುದು.

ಇಂಥ ರೆಕಾರ್ಡನ್ನು ಕೊಂಡರಷ್ಟೇ ಸಾಲದು. ಮಧ್ಯಮವರ್ಗದ ಮನೆಗಳಲ್ಲಿ ಕಾಣುತ್ತಿದ್ದ ಎಚ್‌ಎಂವಿ ಫಿಯೆಸ್ಟಾದಂಥ ಸಣ್ಣ ಪೆಟ್ಟಿಗೆ ಪ್ಲೇಯರಿನ ಪುಟ್ಟ ಸ್ಪೀಕರಿಗೆ ಮಂದ್ರ ಎಟುಕುತ್ತಿರಲಿಲ್ಲ. ವಿದೇಶಿ ಯಂತ್ರಗಳಿಗೆ ಆಮದು ನಿರ್ಬಂಧ, ಭಾರಿ ಸುಂಕ. ಆದರೆ ಬೆಂಗಳೂರಿಗೆ ಬೇರೆ ಅನುಕೂಲವಿತ್ತು. ಜಾಲಹಳ್ಳಿಯ ಬಿಇಎಲ್ 1960ರ ದಶಕದ ಆರಂಭದಲ್ಲೇ ರೇಡಿಯೊ ವಾಲ್ವು, ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತ್ತು. ಬಿಡಿಭಾಗಗಳಿಗೆ ಎಸ್‌.ಪಿ. ರಸ್ತೆ ಇತ್ತು. ಬೆಸುಗೆ ಹಾಕಲು ಬಲ್ಲವರಿಗೆ ಆಂಪ್ಲಿಫೈಯರನ್ನು ಮನೆಯಲ್ಲೇ ಜೋಡಿಸಿಕೊಳ್ಳುವುದು ಅಸಾಧ್ಯವಾಗಿರಲಿಲ್ಲ.

ಸ್ಪೀಕರಿಗೆ ಮಡಕೆ ಕಟ್ಟುವ ನಾಡಪದ್ಧತಿಯೂ ಇತ್ತು. ಬರಿಯ ಸ್ಪೀಕರಿನ ಮುಂದಿನಿಂದ ಹೊರಟ ತಗ್ಗಿದ ನಾದದ ಅಲೆ, ಹಿಂದಿನಿಂದ ಹೊರಟ ಅಲೆಯೊಂದಿಗೆ ಸೇರಿ ಅಳಿದುಹೋಗುತ್ತದೆ. ಸ್ಪೀಕರನ್ನು ಮಡಕೆಯ ಬಾಯಿಗೆ ಕೂರಿಸಿದರೆ ಎರಡೂ ಬೇರೆಯಾಗುತ್ತವೆ. ಜೊತೆಗೆ ಮಡಕೆಯ ಹೊಟ್ಟೆಯ ಗಾಳಿಯೂ ಅನುರಣಿಸುತ್ತದೆ. ಘಟ ಗುಮ್ಮೆನ್ನುವುದೂ ಇದೇ ತತ್ವದಿಂದ. ಒಂದೇ ಸ್ವರವನ್ನು ಎತ್ತಿ ಆಡುವುದು ಅದರ ದೋಷ. ಅಗ್ಗದಲ್ಲಿ ದೊರೆಯುವುದು ಅದರ ಗುಣ.

ಕೊನೆಯ ಪಾತ್ರ ಮನೆಯದು. ಸೆಕೆಂಡಿಗೆ 41 ಕಂಪನದ ನಾದದ ಒಂದು ಅಲೆಯ ಉದ್ದ ಸುಮಾರು 27 ಅಡಿ. ನಮ್ಮ 30-40ರ ಸೈಟಿನ ಅಗಲಕ್ಕೆ ಹತ್ತಿರ! ಹದಿನೈದು ಅಡಿಯ ನಡುಮನೆಯಲ್ಲಿ ಅದು ಗೋಡೆಗೆ ಬಡಿದು ಮರಳಿ, ಮೂಲೆಗಳಲ್ಲಿ ಜಮೆಯಾಗಿ ನಡುವೆ ತೆಳುವಾಗುತ್ತದೆ. ಒಂದೇ ಕೋಣೆಯಲ್ಲಿ ಎದ್ದು ಕುರ್ಚಿ ಬದಲಿಸಿದರೆ ಬೇಸ್ ಬದಲಾದಂತೆ ಅನಿಸುವುದು ಭ್ರಮೆಯಲ್ಲ. ಪ್ಲೇಯರು ಸ್ಪೀಕರಿನ ಕಂಪನಕ್ಕೆ ಸಿಕ್ಕಿದರೆ ಮುಳ್ಳೂ ನಡುಗಿ ಇಡೀ ಯಂತ್ರ ಊಳಿಡುತ್ತದೆ. ಅದಕ್ಕೇ ಕಲ್ಲಿನ ಚಪ್ಪಡಿಯ ಆಸರೆ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳ ದಪ್ಪ ಗೋಡೆಯ ಒಂಟಿಮನೆಗಳು, ಸುತ್ತಲಿನ ಅಂಗಳ ಈ ಸಂಗೀತಕ್ಕೆ ಒದಗಿ ಬಂದವು. ಅಂಥ ಮನೆಗಳು ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಒಬ್ಬರ ಮಂದ್ರ ಈಗ ಕೆಳಮನೆಯವರ ತಲೆನೋವು.

ರಾಕ್‌ಗಾಗಿ ಜೋಡಿಸಿದ ಯಂತ್ರಕ್ಕೆ ಸಂಗೀತದ ಜಾತಿ ತಿಳಿಯದು. ಮಗನ ಬೇಸ್ ಗಿಟಾರಿಗೆ ಒದಗಿದ ಸ್ಪೀಕರು ಅಪ್ಪನ ಎಲ್‌ಪಿಯಲ್ಲಿದ್ದ ಮೃದಂಗದ ಗುಂಕಿಯನ್ನೂ ಹೊರತೆಗೆಯಬಲ್ಲುದು. ಕ್ಯಾಸೆಟ್ಟು, ಸಿಡಿಗಳ ಭರಾಟೆಯಲ್ಲಿ ಎಲ್‌ಪಿ ಮೂಲೆ ಸೇರಿದರೂ ಕಥೆ ಮುಗಿಯಲಿಲ್ಲ. 2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿಗೇ ಬಂದು ಅರಮನೆ ಮೈದಾನದಲ್ಲಿ ನುಡಿಸಿದರು. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡುಗಳು ಮಾರಾಟವಾಗಿ, ಸಂಖ್ಯೆಯಲ್ಲಿ ಸಿಡಿಯನ್ನು ಹಿಂದಿಕ್ಕಿದವು.

ಅಟ್ಟದ ಮೇಲಿನ ಹಳೆಯ ಎಲ್‌ಪಿಗಳನ್ನು ಗುಜರಿಗೆ ಹಾಕುವ ಮುನ್ನ ಒಂದು ಸಂಗತಿ ನೆನಪಿನಲ್ಲಿಡುವುದು ಒಳ್ಳೆಯದು. ಮುಳ್ಳಿನ ತಿಕ್ಕಾಟಕ್ಕೆ ಮೊದಲು ಸವೆಯುವುದು ತಾರದ ಸೂಕ್ಷ್ಮ ಗೆರೆಗಳು. ಮಂದ್ರದ ಅಗಲವಾದ ಬಾಗುಗಳು ಬಹುಕಾಲ ಉಳಿಯುತ್ತವೆ. ಎಲ್ಲಕ್ಕಿಂತ ತಡವಾಗಿ ಬಂದ ನಾದವೇ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ.